ಓವನ್‌ನಲ್ಲಿ ದಪ್ಪ ಫಿಂಗರ್ ಚಿಪ್ಸ್: ಗೆಡ್ಡೆಯ ಆಯ್ಕೆ ಮತ್ತು ತಯಾರಿಕೆ

ಆಲೂಗೆಡ್ಡೆಯು ಹಾಸನ, ಚಿಕ್ಕಮಗಳೂರು, ಕೋಲಾರ, ಚಿಕ್ಕಬಳ್ಳಾಪುರ ಹಾಗೂ ಬೆಳಗಾವಿ ಜಿಲ್ಲೆಗಳ ರೈತರಿಗೆ ಚಿರಪರಿಚಿತ ಬೆಳೆ. ಪಲ್ಯ, ಸಾಂಬಾರು, ಬೋಂಡಗಳಲ್ಲದೆ ಈಗ ಹಳ್ಳಿಯ ಮಕ್ಕಳೂ ಫಿಂಗರ್ ಚಿಪ್ಸ್ ಕೇಳುತ್ತಾರೆ. ಕರಿದ ಫಿಂಗರ್ ಚಿಪ್ಸ್‌ನ ಪ್ರತಿ 100 ಗ್ರಾಂನಲ್ಲಿ ಸುಮಾರು 15 ಗ್ರಾಂ ಕೊಬ್ಬಿರುತ್ತದೆ. ಇದನ್ನೇ ಓವನ್‌ನಲ್ಲಿ ಬೇಯಿಸಿದರೆ ಒಂದು ಕಿಲೋ ಗೆಡ್ಡೆಗೆ ಎರಡು ದೊಡ್ಡ ಚಮಚ ಎಣ್ಣೆ ಸಾಕು.

ಆದರೆ ಓವನ್‌ನಿಂದ ತೆಗೆದ ತುಂಡುಗಳು ಕೆಲವೊಮ್ಮೆ ಮೆತ್ತಗಾಗಿರುತ್ತವೆ, ಕೆಲವೊಮ್ಮೆ ಕಪ್ಪಾಗಿ ಕಹಿಯಾಗಿರುತ್ತವೆ. ಗೃಹಿಣಿಯರು ಇದಕ್ಕೆ ಓವನ್ನನ್ನು ದೂರುವುದುಂಟು. ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಓವನ್‌ನಲ್ಲಲ್ಲ, ಗೆಡ್ಡೆಯಲ್ಲಿ ಮತ್ತು ಅದನ್ನು ದಾಸ್ತಾನು ಮಾಡಿದ ರೀತಿಯಲ್ಲಿ. ಇದನ್ನು ತಿಳಿದರೆ ಅಡುಗೆಮನೆಗೂ ಲಾಭ, ಬೆಳೆಗಾರನಿಗೂ ಲಾಭ.

ಯಾವ ಗೆಡ್ಡೆ ಸೂಕ್ತ?

ಆಲೂಗೆಡ್ಡೆಯಲ್ಲಿ ಶೇ. 75ರಿಂದ 80ರಷ್ಟು ನೀರಿರುತ್ತದೆ. ಉಳಿದದ್ದು ಶುಷ್ಕಾಂಶ, ಅದರಲ್ಲಿ ಬಹುಪಾಲು ಪಿಷ್ಟ. ಫಿಂಗರ್ ಚಿಪ್ಸ್‌ಗೆ ಶುಷ್ಕಾಂಶ ಶೇ. 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ನೀರಿನಂಶ ಹೆಚ್ಚಾದ ಗೆಡ್ಡೆಯ ತುಂಡುಗಳು ಎಷ್ಟು ಹೊತ್ತು ಬೆಂದರೂ ಗರಿಗರಿಯಾಗುವುದಿಲ್ಲ.

ನಮ್ಮಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಕುಫ್ರಿ ಜ್ಯೋತಿ ತಳಿ 1968ರಲ್ಲಿ ಬಿಡುಗಡೆಯಾದದ್ದು. ಇದು ಪಲ್ಯ, ಸಾಂಬಾರಿಗೆ ಚೆನ್ನಾಗಿ ಒಪ್ಪುತ್ತದೆ. ಸಂಸ್ಕರಣೆಗೆಂದೇ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು 1998ರಲ್ಲಿ ಕುಫ್ರಿ ಚಿಪ್ಸೋನಾ-1 ಮತ್ತು ಚಿಪ್ಸೋನಾ-2 ತಳಿಗಳನ್ನು, ಆ ನಂತರ ಉದ್ದನೆಯ ಗೆಡ್ಡೆ ಕೊಡುವ ಕುಫ್ರಿ ಫ್ರೈಸೋನಾ ತಳಿಯನ್ನು ಹೊರತಂದಿತು. ಈ ತಳಿಗಳು ಸಿಗದಿದ್ದರೆ ಇದ್ದ ಗೆಡ್ಡೆಯಲ್ಲೇ ಬಲಿತ, ಉದ್ದನೆಯ, ಸಿಪ್ಪೆ ಗಟ್ಟಿಯಾದ ಗೆಡ್ಡೆಗಳನ್ನು ಆರಿಸಬೇಕು. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿಯುವ ಗೆಡ್ಡೆ ಎಳೆಯದು. ಅದರಲ್ಲಿ ಶುಷ್ಕಾಂಶ ಕಡಿಮೆ, ಸಕ್ಕರೆ ಹೆಚ್ಚು.

ಉಪ್ಪುನೀರಿನ ಪರೀಕ್ಷೆ

ಶುಷ್ಕಾಂಶವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ಲೀಟರ್ ನೀರಿಗೆ 125 ಗ್ರಾಂ ಪುಡಿ ಉಪ್ಪಿನಂತೆ ಅಗಲವಾದ ಬಕೆಟ್ಟಿನಲ್ಲಿ ಕರಗಿಸಬೇಕು. ಈ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.08 ಇರುತ್ತದೆ. ಮಣ್ಣು ತೊಳೆದ ಇಡೀ ಗೆಡ್ಡೆಗಳನ್ನು ಇದರಲ್ಲಿ ಬಿಡಬೇಕು. ಮುಳುಗಿದ ಗೆಡ್ಡೆಗಳಲ್ಲಿ ಶುಷ್ಕಾಂಶ ಸುಮಾರು ಶೇ. 20 ಅಥವಾ ಹೆಚ್ಚಿರುತ್ತದೆ. ಅವು ಫಿಂಗರ್ ಚಿಪ್ಸ್‌ಗೆ ಯೋಗ್ಯ. ತೇಲಿದವನ್ನು ಸಾಂಬಾರು, ಸಾಗುಗಳಿಗೆ ಬಳಸಬಹುದು. ಪರೀಕ್ಷೆ ಮುಗಿದ ಕೂಡಲೇ ಗೆಡ್ಡೆಗಳನ್ನು ಸಿಹಿನೀರಿನಲ್ಲಿ ತೊಳೆಯಬೇಕು.

ಶೀತಲಗೃಹದ ಗೆಡ್ಡೆ ಏಕೆ ಕಪ್ಪಾಗುತ್ತದೆ?

ಬಿತ್ತನೆಯ ಮತ್ತು ಊಟದ ಗೆಡ್ಡೆಗಳನ್ನು ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡುತ್ತಾರೆ. ಅಂಥ ಚಳಿಯಲ್ಲಿ ಗೆಡ್ಡೆಯ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುತ್ತದೆ. ಮನೆಯ ಫ್ರಿಜ್‌ನಲ್ಲಿಟ್ಟರೂ ಇದೇ ಆಗುತ್ತದೆ. ಈ ಸಕ್ಕರೆಯು ಹೆಚ್ಚು ಶಾಖದಲ್ಲಿ ಗೆಡ್ಡೆಯ ಅಮೈನೋ ಆಮ್ಲಗಳೊಡನೆ ಕೂಡಿ ಕಂದು ಬಣ್ಣ ಕೊಡುತ್ತದೆ. ಸಕ್ಕರೆ ಮಿತಿಯಲ್ಲಿದ್ದರೆ ಹೊಂಬಣ್ಣ ಬರುತ್ತದೆ, ಮಿತಿಮೀರಿದರೆ ತುಂಡುಗಳು ಕಪ್ಪಾಗಿ ಕಹಿಯಾಗುತ್ತವೆ.

ಇದು ಕೇವಲ ಬಣ್ಣದ ಪ್ರಶ್ನೆಯಲ್ಲ. ಪಿಷ್ಟಯುಕ್ತ ಆಹಾರವನ್ನು 120 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಕರಿದಾಗ ಅಥವಾ ಸುಟ್ಟಾಗ ಅಕ್ರಿಲಮೈಡ್ ಎಂಬ ವಸ್ತು ಉಂಟಾಗುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಕ್ಯಾನ್ಸರ್ ಉಂಟುಮಾಡಿದೆ. ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚಿದಷ್ಟೂ, ತುಂಡು ಕಪ್ಪಾದಷ್ಟೂ ಇದರ ಪ್ರಮಾಣ ಹೆಚ್ಚು. ಆದ್ದರಿಂದ ಮಕ್ಕಳಿಗೆ ಕೊಡುವ ತಿಂಡಿಯನ್ನು ಹೊಂಬಣ್ಣಕ್ಕೇ ನಿಲ್ಲಿಸುವುದು ಕ್ಷೇಮ.

ಶೀತಲಗೃಹದಿಂದ ತಂದ ಗೆಡ್ಡೆಯನ್ನು ಕೂಡಲೇ ಬಳಸದೆ, 15ರಿಂದ 20 ಡಿಗ್ರಿಯಷ್ಟು ತಂಪಿರುವ, ಗಾಳಿಯಾಡುವ ಕತ್ತಲ ಕೋಣೆಯಲ್ಲಿ 2-3 ವಾರ ಹರಡಿಟ್ಟರೆ ಸಕ್ಕರೆಯ ಪ್ರಮಾಣ ಬಹುಮಟ್ಟಿಗೆ ತಗ್ಗುತ್ತದೆ.

ಬಳಸಬಾರದ ಗೆಡ್ಡೆಗಳು

ಬಿಸಿಲು ಬಿದ್ದು ಹಸಿರಾದ ಗೆಡ್ಡೆಗಳಲ್ಲಿ ಸೊಲನೈನ್ ಎಂಬ ವಿಷವಸ್ತು ಹೆಚ್ಚಿರುತ್ತದೆ. ಬೇಯಿಸಿದರೂ ಕರಿದರೂ ಇದು ನಾಶವಾಗುವುದಿಲ್ಲ. ಹಸಿರು ಹರಡಿದ, ಕಹಿಯಾದ ಅಥವಾ ಉದ್ದ ಮೊಳಕೆ ಬಂದ ಗೆಡ್ಡೆಗಳನ್ನು ತಿನ್ನಬಾರದು. ಬಿತ್ತನೆಯಲ್ಲಿ ಮಿಕ್ಕ ಗೆಡ್ಡೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮ್ಯಾಂಕೋಜೆಬ್‌ನಂಥ ಶಿಲೀಂಧ್ರನಾಶಕದಿಂದ ಉಪಚರಿಸಿದ ಬಿತ್ತನೆ ಗೆಡ್ಡೆಯನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸಕೂಡದು, ದನಗಳಿಗೂ ಹಾಕಕೂಡದು.

ಬೇಕಾಗುವ ಸಾಮಗ್ರಿ (ನಾಲ್ಕು ಜನರಿಗೆ)

ಆಲೂಗೆಡ್ಡೆ – 1 ಕಿಲೋ
ಕಡಲೆಕಾಯಿ ಅಥವಾ ಸೂರ್ಯಕಾಂತಿ ಎಣ್ಣೆ – 2 ದೊಡ್ಡ ಚಮಚ (30 ಮಿ.ಲೀ.)
ವಿನೆಗರ್ ಅಥವಾ ನಿಂಬೆರಸ – 2 ದೊಡ್ಡ ಚಮಚ
ಉಪ್ಪು – ರುಚಿಗೆ ತಕ್ಕಷ್ಟು
ಮೆಣಸಿನ ಪುಡಿ ಅಥವಾ ಅಚ್ಚಖಾರದ ಪುಡಿ – ಅರ್ಧ ಚಿಕ್ಕ ಚಮಚ

ತಯಾರಿಸುವ ವಿಧಾನ

1. ಗೆಡ್ಡೆಗಳನ್ನು ತೊಳೆದು ಸಿಪ್ಪೆ ಹೆರೆದು, ಒಂದೂವರೆ ಸೆಂಟಿಮೀಟರ್ ದಪ್ಪದ ಉದ್ದನೆಯ ತುಂಡುಗಳಾಗಿ ಹೆಚ್ಚಬೇಕು. ಎಲ್ಲ ತುಂಡುಗಳೂ ಒಂದೇ ದಪ್ಪ ಇರಬೇಕು. ಇಲ್ಲವಾದರೆ ಸಣ್ಣವು ಸುಟ್ಟು, ದಪ್ಪನೆಯವು ಹಸಿಯಾಗಿ ಉಳಿಯುತ್ತವೆ.

2. ಹೆಚ್ಚಿದ ತುಂಡುಗಳನ್ನು ತಣ್ಣೀರಿನಲ್ಲಿ 30 ನಿಮಿಷ ನೆನೆಸಿ, ನೀರು ಬದಲಿಸಿ ತೊಳೆಯಬೇಕು. ಇದರಿಂದ ಮೇಲ್ಮೈಯ ಪಿಷ್ಟವೂ ಸ್ವಲ್ಪ ಸಕ್ಕರೆಯೂ ಹೊರಟುಹೋಗುತ್ತವೆ. ತುಂಡುಗಳು ಒಂದಕ್ಕೊಂದು ಅಂಟುವುದಿಲ್ಲ.

3. ಎರಡು ಲೀಟರ್ ನೀರಿಗೆ ವಿನೆಗರ್ ಹಾಗೂ ಒಂದು ಚಮಚ ಉಪ್ಪು ಹಾಕಿ ಕುದಿಸಿ, ತುಂಡುಗಳನ್ನು ಹಾಕಿ 5-6 ನಿಮಿಷ ಅರೆಬೇಯಿಸಬೇಕು. ಹುಳಿಯು ತುಂಡುಗಳು ಒಡೆಯದಂತೆ ತಡೆಯುತ್ತದೆ. ಚಾಕುವಿನ ತುದಿ ಸುಲಭವಾಗಿ ಇಳಿಯುವಷ್ಟು ಬೆಂದರೆ ಸಾಕು.

4. ನೀರು ಬಸಿದು, ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ 10-15 ನಿಮಿಷ ಆರಲು ಬಿಡಬೇಕು. ಮೇಲೆ ತೇವ ಉಳಿದರೆ ಓವನ್‌ನ ಶಾಖವೆಲ್ಲ ಅದನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ.

5. ಅಷ್ಟರಲ್ಲಿ ಓವನ್‌ನ ಮೇಲಿನ ಮತ್ತು ಕೆಳಗಿನ ಕಾಯಿಲ್‌ಗಳೆರಡನ್ನೂ ಹಾಕಿ, ಟ್ರೇ ಒಳಗಿಟ್ಟು 220 ಡಿಗ್ರಿಗೆ ಕಾಯಿಸಬೇಕು.

6. ತುಂಡುಗಳಿಗೆ ಎಣ್ಣೆ ಹಾಕಿ ಮೆಲ್ಲಗೆ ಕಲಸಿ, ಕಾದ ಟ್ರೇಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಬೇಕು. ಚಿಕ್ಕ ಓವನ್ ಆದರೆ ಎರಡು ಸರದಿಯಲ್ಲಿ ಮಾಡುವುದು ಒಳ್ಳೆಯದು. 20 ನಿಮಿಷದ ನಂತರ ಮಗುಚಿ, ಮತ್ತೆ 10ರಿಂದ 20 ನಿಮಿಷ ಬೇಯಿಸಬೇಕು. ಹೊಂಬಣ್ಣ ಬಂದೊಡನೆ ಹೊರತೆಗೆದು ಉಪ್ಪು, ಖಾರ ಉದುರಿಸಿ ಬಿಸಿಯಾಗಿಯೇ ಬಡಿಸಬೇಕು. ಮುಚ್ಚಿಟ್ಟರೆ ಆವಿಯಿಂದ ಮೆತ್ತಗಾಗುತ್ತವೆ.

1500 ವ್ಯಾಟ್‌ನ ಓವನ್ ಒಂದು ಗಂಟೆ ಬಿಡದೆ ಕಾದರೆ ಒಂದೂವರೆ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಶಾಖ ನಿಯಂತ್ರಕವು ನಡುನಡುವೆ ವಿದ್ಯುತ್ ನಿಲ್ಲಿಸುವುದರಿಂದ ನಿಜವಾದ ಖರ್ಚು ಇದಕ್ಕಿಂತ ಕಡಿಮೆ.

ದೋಷಗಳು ಮತ್ತು ಕಾರಣಗಳು

ಮೆತ್ತಗಾದರೆ: ಶುಷ್ಕಾಂಶ ಕಡಿಮೆ, ಚೆನ್ನಾಗಿ ಆರಿಲ್ಲ, ಅಥವಾ ಟ್ರೇಯಲ್ಲಿ ತುಂಡುಗಳು ಒತ್ತಾಗಿವೆ.

ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾದರೆ: ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚಿದೆ. ಶಾಖ ತಗ್ಗಿಸಿದರೆ ಸ್ವಲ್ಪ ಸುಧಾರಿಸೀತು, ಪೂರ್ತಿ ಸರಿಹೋಗದು.

ಒಂದು ತುದಿ ಮಾತ್ರ ಕಪ್ಪಾದರೆ: ಗೆಡ್ಡೆ ದಪ್ಪವಾಗುವ ಕಾಲದಲ್ಲಿ ಬೆಳೆ ನೀರಿನ ಕೊರತೆ ಅಥವಾ ಅತಿ ಶಾಖಕ್ಕೆ ಸಿಕ್ಕಿರುವ ಸಂಭವವಿದೆ.

ಬೆಳೆಗಾರರು ಗಮನಿಸಬೇಕಾದದ್ದು

ಅಡುಗೆಮನೆಯಲ್ಲಿ ಕಂಡ ಈ ದೋಷಗಳನ್ನೇ ಚಿಪ್ಸ್ ತಯಾರಕರೂ ನೋಡುತ್ತಾರೆ. ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಶುಷ್ಕಾಂಶ ಕಡಿಮೆಯಾದರೆ ಅಥವಾ ಕರಿದಾಗ ಕಪ್ಪಾದರೆ ಅವರು ಅದನ್ನು ತೆಗೆದುಕೊಳ್ಳುವುದಿಲ್ಲ. ಲಾರಿ ಬಾಡಿಗೆ ಕೊಟ್ಟು ಕಳುಹಿಸಿದ ಮಾಲು ತಿರಸ್ಕೃತವಾಗಿ ಬಂದರೆ ನಷ್ಟ ರೈತನಿಗೇ. ಆದ್ದರಿಂದ ಮಾಲು ಕಳುಹಿಸುವ ಮೊದಲು ಬೇರೆ ಬೇರೆ ಚೀಲಗಳಿಂದ ಹತ್ತು ಗೆಡ್ಡೆಗಳನ್ನು ತೆಗೆದು, ಉಪ್ಪುನೀರಿನಲ್ಲಿ ಪರೀಕ್ಷಿಸಿ, ಪ್ರತಿಯೊಂದರ ನಡುವಿನಿಂದ ಒಂದು ಬಿಲ್ಲೆ ಕೊಯ್ದು ಕಾದ ಎಣ್ಣೆಯಲ್ಲಿ ಕರಿದು ಬಣ್ಣ ನೋಡಬೇಕು. ಹೆಚ್ಚಿನವು ಕಪ್ಪಾದರೆ ಆ ಮಾಲನ್ನು ತರಕಾರಿ ಮಾರುಕಟ್ಟೆಗೆ ಕಳುಹಿಸುವುದೇ ಲೇಸು.

ಉತ್ತಮ ಶುಷ್ಕಾಂಶಕ್ಕಾಗಿ ಸಾರಜನಕ ಗೊಬ್ಬರವನ್ನು ಶಿಫಾರಸಿಗಿಂತ ಹೆಚ್ಚು ಹಾಕಬಾರದು. ಹೆಚ್ಚಾದರೆ ಬೆಳೆ ಬಲಿಯುವುದು ತಡವಾಗುತ್ತದೆ. ಕೀಳುವ ಸುಮಾರು 10 ದಿನ ಮೊದಲು ನೀರು ನಿಲ್ಲಿಸಿ, ಹಂಬು ಕೊಯ್ದು, ಸಿಪ್ಪೆ ಗಟ್ಟಿಯಾದ ಮೇಲೆ ಕೀಳಬೇಕು. ಕಿತ್ತ ಗೆಡ್ಡೆಯನ್ನು ನೆರಳಿನಲ್ಲಿ ಒಣಗಿಸಬೇಕು. ಸಂಸ್ಕರಣೆಯ ಗೆಡ್ಡೆಯನ್ನು ಶೀತಲಗೃಹದಲ್ಲಿ ಇಡುವುದಾದರೆ 10ರಿಂದ 12 ಡಿಗ್ರಿಯ ಕೋಣೆಯನ್ನೇ ಕೇಳಿ ಪಡೆಯಬೇಕು. ಬಿತ್ತನೆ ಗೆಡ್ಡೆಯ ಜೊತೆ ಒಂದೇ ಕೋಣೆಯಲ್ಲಿ ಇಟ್ಟರೆ ಒಳ್ಳೆಯ ತಳಿಯ ಗುಣವೂ ಕೆಲವೇ ವಾರಗಳಲ್ಲಿ ಕೆಡುತ್ತದೆ.