ಕೊಡೈಕೆನಾಲ್ ಕೆರೆಯ ಸುತ್ತ ನಡಿಗೆ: ಇಳಿಯುವ ಮುನ್ನ ಲೆಕ್ಕ ಹಾಕಿ

ಕೊಡೈಕೆನಾಲ್‌ಗೆ ಹೋಗಿ ಬಂದವರನ್ನು ಕೇಳಿದರೆ ದೋಣಿಯಲ್ಲಿ ಕೂತಿದ್ದು, ಕುದುರೆ ಹತ್ತಿದ್ದು, ಟ್ಯಾಕ್ಸಿಯವರು ತೋರಿಸಿದ ‘ಪಾಯಿಂಟ್’ಗಳಲ್ಲಿ ಫೋಟೊ ತೆಗೆಸಿಕೊಂಡಿದ್ದು ಹೇಳುತ್ತಾರೆ. ನಡೆದೆವು ಅನ್ನುವವರು ಕಡಿಮೆ. ಆ ಊರು ಇರುವುದೇ ನಡೆಯುವುದಕ್ಕೆ. ಬೆಟ್ಟ ಹತ್ತಿ ಅಭ್ಯಾಸವಿಲ್ಲದವರೂ, ಅರುವತ್ತು ದಾಟಿದವರೂ ನಡೆಯಬಹುದಾದ ಹಾದಿಗಳು ಕೆರೆಯ ಸುತ್ತಮುತ್ತಲೇ ಇವೆ. ಆದರೆ ನಮ್ಮ ಕಡೆಯಿಂದ ಹೋದವರು ಒಂದೇ ಬಗೆಯ ತಪ್ಪು ಮಾಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೇ ಈ ಬರಹ.

ಹಿನ್ನೆಲೆ ಎರಡೇ ಮಾತಿನಲ್ಲಿ. ಸುಮಾರು 2,100 ಮೀಟರ್ ಎತ್ತರದ ಈ ಕೆರೆ ತಾನಾಗಿ ಹುಟ್ಟಿದ್ದಲ್ಲ. ಮದುರೆಯ ಕಲೆಕ್ಟರ್ ಆಗಿದ್ದ ವೆರ್ ಲೆವಿಂಜ್ 1863ರಲ್ಲಿ ತೊರೆಗಳಿಗೆ ಒಡ್ಡು ಹಾಕಿಸಿ ನೀರು ನಿಲ್ಲಿಸಿದ್ದು. ಕೋಡಿ ಬಿದ್ದ ನೀರೇ ಘಾಟಿ ರಸ್ತೆಯ ಪಕ್ಕದಲ್ಲಿ ಸಿಲ್ವರ್ ಕ್ಯಾಸ್ಕೇಡ್ ಜಲಪಾತವಾಗಿ ಧುಮುಕುತ್ತದೆ.

ಹೊರಡುವ ಮುನ್ನ

ತಿಂಗಳು ನೋಡಿ ಹೊರಡಿ. ದಸರಾ ಬಂತೆಂದರೆ ಮಳೆಗಾಲ ಮುಗಿಯಿತು ಎಂಬುದು ನಮ್ಮ ಮಲೆನಾಡಿನ ಲೆಕ್ಕ. ಪಳನಿ ಬೆಟ್ಟಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಹಿಂಗಾರು ಜೋರು. ಅಕ್ಟೋಬರ್, ನವೆಂಬರ್‌ನಲ್ಲಿ ಹಾದಿಯೆಲ್ಲ ಜಾರು. ನಡಿಗೆಗೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಹಿತವಾಗಿದ್ದರೂ ಜನಜಂಗುಳಿ ವಿಪರೀತ.

ಸ್ವಂತ ಗಾಡಿಯಲ್ಲಿ ಹೋಗುವವರಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಈ ವ್ಯವಸ್ಥೆ ಬಂದಿದೆ. ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ. ರೈಲಿನಲ್ಲಿ ಹೋಗುವವರು ‘ಕೊಡೈಕೆನಾಲ್ ರೋಡ್’ ನಿಲ್ದಾಣದಲ್ಲಿ ಇಳಿದರೆ ಊರು ಬಂತೆಂದು ತಿಳಿಯಬೇಡಿ. ಅಲ್ಲಿಂದ ಬೆಟ್ಟಕ್ಕೆ ಇನ್ನೂ ಸುಮಾರು 80 ಕಿ.ಮೀ. ಇದೆ. ಐದು ಲೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿಗೆ ಮೇಲೆ ನಿಷೇಧವಿದೆ. ಮನೆಯಿಂದಲೇ ಸ್ಟೀಲ್ ಬಾಟಲಿ ಒಯ್ಯಿರಿ.

ಮೊದಲ ದಿನ: ಕೆರೆಗೊಂದು ಪ್ರದಕ್ಷಿಣೆ

ಬಂದ ದಿನವೇ ದೊಡ್ಡ ನಡಿಗೆ ಬೇಡ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿರುತ್ತದೆ, ಮೈಗೆ ಚಳಿ ಹೊಸತು. ಮಾರನೆಯ ಬೆಳಿಗ್ಗೆ ಆರೂವರೆಗೆ ಬೋಟ್ ಕ್ಲಬ್ ಬಳಿಯಿಂದ ಶುರು ಮಾಡಿ. ಸುತ್ತು ಸುಮಾರು 5 ಕಿ.ಮೀ., ಪೂರ್ತಿ ಡಾಂಬರು, ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ನಿಧಾನಕ್ಕೆ ನಡೆದರೆ ಒಂದೂವರೆ ಗಂಟೆ.

ದೇವಸ್ಥಾನ ಸುತ್ತುವ ಹಾಗೆ ಕೆರೆ ಬಲಗೈಗೆ ಇರಲಿ. ಆಗ ರಸ್ತೆಯ ಬಲ ಅಂಚಿನಲ್ಲಿ ನಡೆಯುವ ನಿಮಗೆ ಎದುರಿನ ವಾಹನ ಕಣ್ಣಿಗೆ ಬೀಳುತ್ತದೆ, ನೀರೂ ಪಕ್ಕದಲ್ಲೇ ಇರುತ್ತದೆ. ಕೆರೆ ನಕ್ಷತ್ರದ ಆಕಾರದ್ದು. ದಡ ಒಳಗೆ ಹೊರಗೆ ಬಳುಕುತ್ತ ಹೋಗುವುದರಿಂದ ನೀವು ಹೊರಟ ಜಾಗ ಆಚೆ ದಡದಲ್ಲಿ ಹತ್ತಿರವೇ ಕಂಡರೂ ನಡೆಯುವುದು ಬಹಳ ಉಳಿದಿರುತ್ತದೆ. ಮಕ್ಕಳಿಗೆ ‘ಇನ್ನೇನು ಬಂತು’ ಅನ್ನಬೇಡಿ. ಒಂಬತ್ತರ ಹೊತ್ತಿಗೆ ಬಾಡಿಗೆ ಸೈಕಲ್, ಕುದುರೆ, ಕಾರು ಎಲ್ಲ ಇಳಿಯುತ್ತವೆ. ಅಷ್ಟರೊಳಗೆ ಸುತ್ತು ಮುಗಿದಿರಲಿ.

ಅಲ್ಲಿಂದ ತಿಂಡಿ ಮುಗಿಸಿ ಬ್ರಯಂಟ್ ಪಾರ್ಕ್ ಪಕ್ಕದಲ್ಲಿ ಹಾದು ಕೋಕರ್ಸ್ ವಾಕ್‌ಗೆ ಹೋಗಿ. 1872ರಲ್ಲಿ ಲೆಫ್ಟಿನೆಂಟ್ ಕೋಕರ್ ಬೆಟ್ಟದ ಅಂಚಿಗೆ ಕಡಿಸಿದ, ಸುಮಾರು ಒಂದು ಕಿ.ಮೀ. ಉದ್ದದ ಕಾಲುದಾರಿ ಇದು. ಕಟಾಂಜನ ಇದೆ, ಟಿಕೆಟ್ ಇದೆ. ಮಂಜಿಲ್ಲದಿದ್ದರೆ ಕಣಿವೆಯಾಚೆ ಬಯಲುಸೀಮೆ ಕಾಣುತ್ತದೆ. ಮಧ್ಯಾಹ್ನ ಹೋದರೆ ಬಹುತೇಕ ದಿನ ಬಿಳಿ ಗೋಡೆಯಷ್ಟೇ ಕಂಡೀತು.

ಎರಡನೆಯ ದಿನ: ವಟ್ಟಕೆನಾಲ್‌ನಿಂದ ಡಾಲ್ಫಿನ್ಸ್ ನೋಸ್

ನಾನು ಹೇಳಹೊರಟ ತಪ್ಪು ನಡೆಯುವುದು ಇಲ್ಲೇ. ಕೆರೆಯಿಂದ ಐದಾರು ಕಿ.ಮೀ. ದೂರದ ವಟ್ಟಕೆನಾಲ್‌ವರೆಗೆ ಟ್ಯಾಕ್ಸಿ ಹೋಗುತ್ತದೆ. ಅಲ್ಲಿಂದ ಕಣಿವೆಯತ್ತ ಚಾಚಿದ ಚಪ್ಪಟೆ ಬಂಡೆಗೆ ಒಂದು, ಒಂದೂವರೆ ಕಿ.ಮೀ. ಅಷ್ಟೆ. ‘ಇಷ್ಟೇನಾ’ ಎಂದು ಚಪ್ಪಲಿಯಲ್ಲೇ ಇಳಿಯುತ್ತಾರೆ.

ಇಳಿಯುತ್ತಾರೆ ಎಂಬ ಮಾತನ್ನು ಗಮನಿಸಿ. ಮುಳ್ಳಯ್ಯನಗಿರಿಗೋ ಸಾವನದುರ್ಗಕ್ಕೋ ಹೋದಾಗ ಮೊದಲು ಹತ್ತುತ್ತೇವೆ. ಆಗದಿದ್ದರೆ ಕಾಲು, ಉಸಿರು ಅರ್ಧದಲ್ಲೇ ಹೇಳಿಬಿಡುತ್ತವೆ, ತಿರುಗಿ ಇಳಿದರಾಯಿತು. ಇಲ್ಲಿ ಉಲ್ಟಾ. ಮೊದಲು ಇಳಿಜಾರು, ಮೈ ಹಗುರ, ಹರಟೆ, ಫೋಟೊ. ಏರು ಬರುವುದು ಕೊನೆಗೆ, ಮೊಣಕಾಲು ಸೋತ ಮೇಲೆ, ನೀರು ಖಾಲಿಯಾದ ಮೇಲೆ. ನಿಮಗೆ ಆಗುತ್ತದೋ ಇಲ್ಲವೋ ಗೊತ್ತಾಗುವುದು ತಳದಲ್ಲಿ ನಿಂತಾಗ. ಅಲ್ಲಿಂದ ಮೇಲೆ ಬರಲು ಕಾಲಲ್ಲದೆ ಬೇರೆ ವಾಹನವಿಲ್ಲ.

ಒಂದು ಮಧ್ಯಾಹ್ನ ಮೂರೂವರೆಗೆ ನಾನು ಮೇಲೆ ಬರುತ್ತಿದ್ದಾಗ ಬೆಂಗಳೂರಿನ ಕುಟುಂಬವೊಂದು ಎದುರಾಯಿತು. ಅಜ್ಜಿಗೆ ಸೀರೆ, ರಬ್ಬರ್ ಚಪ್ಪಲಿ. ಮಗುವನ್ನು ಅಪ್ಪ ಹೆಗಲ ಮೇಲೆ ಹೊತ್ತಿದ್ದರು. ‘ಸ್ವಲ್ಪ ದೂರ ಅಂದ್ರು’ ಎಂದರು. ತಿರುಗಿ ನಡೆಯಿರಿ ಎಂದು ಕೇಳಿಕೊಂಡೆ, ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಮಂಜು ಕಣಿವೆಯಿಂದ ಎದ್ದು ಹಾದಿ ಮುಚ್ಚಿತು. ಹಿಂದಕ್ಕೆ ಇಳಿದು ಹುಡುಕಿದಾಗ ಅಜ್ಜಿ ಬೇರಿನ ಮೇಲೆ ಕೂತು ಅಳುತ್ತಿದ್ದರು. ಕೈಹಿಡಿದು ಮೇಲೆ ತರುವಷ್ಟರಲ್ಲಿ ಕತ್ತಲಾಗಿತ್ತು. ಪೆಟ್ಟಾಗಲಿಲ್ಲ ಎಂಬುದೇ ಪುಣ್ಯ.

ಆದ್ದರಿಂದ ಈ ಕ್ರಮ ಪಾಲಿಸಿ:

1. ಬೆಳಿಗ್ಗೆ ಏಳೂವರೆ, ಎಂಟಕ್ಕೆ ಇಳಿಯಲು ಶುರು ಮಾಡಿ. ಮಧ್ಯಾಹ್ನ ಎರಡರ ನಂತರ ಇಳಿಯಲೇ ಬೇಡಿ.
2. ಇಳಿಯಲು ತೊಡಗಿದ ಹೊತ್ತು ಗುರುತಿಟ್ಟುಕೊಳ್ಳಿ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕು.
3. ಹದಿನೈದು ನಿಮಿಷ ಇಳಿದ ಮೇಲೆ ನಿಂತು, ಹಿಂದಕ್ಕೆ ಐದು ನಿಮಿಷ ಹತ್ತಿ ನೋಡಿ. ಗುಂಪಿನಲ್ಲಿ ಯಾರಿಗಾದರೂ ಮಾತಾಡಲಾಗದಷ್ಟು ಏದುಸಿರು ಬಂದರೆ ನಡಿಗೆ ಅಲ್ಲಿಗೇ ಸಾಕು. ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ.
4. ಅರ್ಧ ನೀರನ್ನು ಏರಿಗೆಂದೇ ಉಳಿಸಿ.
5. ಹಾದಿಯಲ್ಲಿ ಹೆಣೆದುಕೊಂಡ ಬೇರುಗಳೇ ಮೆಟ್ಟಿಲು. ಒದ್ದೆ ಬೇರಿನ ಮೇಲೆ ಕಾಲಿಡದೆ ಅವುಗಳ ನಡುವೆ ಇಡಿ.
6. ಬಂಡೆಯ ತುದಿಗೆ ಹೋಗಬೇಡಿ. ಅಂಚಿನಿಂದ ಎರಡಾಳು ದೂರ ಕೂತರೂ ಕಾಣುವ ಕಣಿವೆ ಅದೇ.

ಅಲ್ಲಿಂದ ಮುಂದೆ ಎಕೋ ರಾಕ್, ಇನ್ನೂ ಕೆಳಗೆ ವೆಳ್ಳಗವಿ ಹಳ್ಳಿಯ ಹಳೆಯ ಕಾಲುದಾರಿ ಇದೆ. ಅದು ಸುಲಭ ನಡಿಗೆಯಲ್ಲ. ಮೊದಲ ಸಲ ಹೋದವರು ಬಂಡೆಯಿಂದಲೇ ಹಿಂದಿರುಗಿ.

ಕಾಡೆಮ್ಮೆ ಎಂದರೆ ಎಮ್ಮೆಯಲ್ಲ

ಊರೊಳಗೇ, ಕೆರೆ ರಸ್ತೆಗೂ ಕಾಟಿಗಳು ಬರುತ್ತವೆ. ಅಲ್ಲಿನವರು ‘ಕಾಟ್ಟೆರುಮೈ’ ಅನ್ನುವುದನ್ನು ಕೇಳಿ ನಮ್ಮವರು ಎಮ್ಮೆಯೆಂದೇ ಹತ್ತಿರ ಹೋಗುತ್ತಾರೆ. ಬೆಳೆದ ಗಂಡು ಒಂದು ಟನ್‌ ಹತ್ತಿರ ತೂಗಬಲ್ಲ ಕಾಡುಪ್ರಾಣಿ. ಕನಿಷ್ಠ ಐವತ್ತು ಹೆಜ್ಜೆ ದೂರವಿರಿ, ಹಾದಿ ಅದಕ್ಕೇ ಬಿಡಿ, ಫ್ಲ್ಯಾಶ್ ಬೇಡ. ಕರು ಜೊತೆಗಿದ್ದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಸರಿಯಿರಿ.

ಸಮಯವಿದ್ದರೆ

ಬೇರ್ ಶೋಲಾ: ಕೆರೆಯಿಂದ ಎರಡು, ಮೂರು ಕಿ.ಮೀ.; ಮಳೆಯ ನಂತರವಷ್ಟೇ ಜಲಪಾತ. ಸೌರ ವೀಕ್ಷಣಾಲಯ: 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳಲ್ಲಿ ಅನಿಲದ ಹರಿವು ಕಂಡುಹಿಡಿದ ಜಾಗ, ಈಗ ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಬೆರಿಜಂ ಕೆರೆ: ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಕುರಿಂಜಿ: 2018ರಲ್ಲಿ ಅರಳಿತ್ತು, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030.

ಚೀಲದಲ್ಲಿ: ಹಿಡಿತವಿರುವ ಶೂ, ಸ್ವೆಟರ್, ಮಳೆಕೋಟು, ಟಾರ್ಚ್, ಒಂದೂವರೆ ಲೀಟರ್ ನೀರು, ಕಡಲೆಮಿಠಾಯಿ, ಕಸಕ್ಕೊಂದು ಖಾಲಿ ಚೀಲ.