ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಅನಂತರ: ದ್ರವಶಾಸ್ತ್ರದ ಒಂದು ಪಾಠ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಕೆರೆ ತುಂಬುವುದು ಯಾವಾಗ? ಒಳಹರಿವು ಹೆಚ್ಚಿ, ಹೊರಹರಿವು ತಗ್ಗಿದಾಗ. ಪುರುಷಾಂಗದ ನಿಮಿರುವಿಕೆಯೂ ಇದೇ ಲೆಕ್ಕವನ್ನು ಅನುಸರಿಸುತ್ತದೆ. ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಹೊರಬಿದ್ದೊಡನೆ ಧಮನಿಗಳ ಸ್ನಾಯು ಸಡಿಲಗೊಂಡು ನಾಳಗಳು ಹಿಗ್ಗುತ್ತವೆ. ನಾಳದ ತ್ರಿಜ್ಯ ಇಮ್ಮಡಿಯಾದರೆ ಪ್ರವಾಹ 16 ಮಡಿಯಾಗುವುದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಷ್ಟೆ. ರಕ್ತ ತುಂಬಿದ ಅಂಗಾಂಶವು ಸಿರೆಗಳನ್ನು ಅದುಮಿ, ತೂಬು ಮುಚ್ಚಿದಂತೆ ಹೊರಹರಿವನ್ನು ತಡೆಯುತ್ತದೆ.

ಈ ನರಗಳು ಪ್ರಾಸ್ಟೇಟ್ ಗ್ರಂಥಿಯ ಎರಡು ಮಗ್ಗುಲಿಗೂ ಅಂಟಿಕೊಂಡಂತೆ ಸಾಗುತ್ತವೆ. ಕ್ಯಾನ್ಸರಿಗಾಗಿ ಗ್ರಂಥಿಯನ್ನು ತೆಗೆಯುವಾಗ ಅವಕ್ಕೆ ಪೆಟ್ಟು ಬೀಳಬಹುದು. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಷ್ ನರಗಳನ್ನು ಉಳಿಸುವ ಶಸ್ತ್ರಕ್ರಮವನ್ನು ನಡೆಸಿ ತೋರಿಸಿದರು. ಹಾಗೆ ಉಳಿದ ನರಗಳೂ ಚೇತರಿಸಿಕೊಳ್ಳಲು ಒಂದೆರಡು ವರ್ಷ ಹಿಡಿಯಬಹುದು.

ಅಷ್ಟರವರೆಗೆ ಉಪಾಯಗಳುಂಟು. 1998ರಲ್ಲಿ ಬಳಕೆಗೆ ಬಂದ ಸಿಲ್ಡೆನಾಫಿಲ್ ಗುಳಿಗೆಯು ನೈಟ್ರಿಕ್ ಆಕ್ಸೈಡಿನ ಪ್ರಭಾವ ಬೇಗನೆ ಅಳಿಯದಂತೆ ನೋಡಿಕೊಳ್ಳುತ್ತದೆ. ಆದರೆ ನರದಿಂದ ಸಂದೇಶವೇ ಬಾರದಿದ್ದರೆ ಅದರ ಫಲ ಅತ್ಯಲ್ಪ. ಹೃದ್ರೋಗಕ್ಕೆ ನೈಟ್ರೇಟ್ ಔಷಧ ಸೇವಿಸುವವರಿಗಂತೂ ಅದು ಪ್ರಾಣಾಪಾಯ. ಗುಳಿಗೆ ಸಲ್ಲದೆಡೆ ನಿರ್ವಾತ ನಳಿಗೆಯುಂಟು: ಅದರೊಳಗಿನ ಗಾಳಿಯನ್ನು ಹೊರಸೆಳೆದಾಗ ಒತ್ತಡ ಇಳಿದು ರಕ್ತ ಅಂಗದೊಳಕ್ಕೆ ನುಗ್ಗುತ್ತದೆ, ಬುಡಕ್ಕೆ ಹಾಕಿದ ಉಂಗುರ ಅದನ್ನು ನಿಲ್ಲಿಸುತ್ತದೆ. ಉಂಗುರವನ್ನು 30 ನಿಮಿಷದೊಳಗೆ ತೆಗೆಯಲೇಬೇಕು. ಚುಚ್ಚುಮದ್ದು, ಒಳಗೆ ಕೂರಿಸುವ ಕೃತಕ ಸಾಧನಗಳು ಮುಂದಿನ ಮೆಟ್ಟಿಲುಗಳು.

ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಾಗಲಿ, ನಾಚಿಕೆಯಿಂದ ಮೌನವಾಗಿ ಕೊರಗುವ ಹಿರಿಯರು ಎಲ್ಲೆಡೆಯೂ ಇರಬಹುದು. ಕೆರೆಯ ತೂಬು ಕೆಟ್ಟರೆ ಬಚ್ಚಿಡುವೆವೆ? ಇದೂ ದೇಹದ ಒಂದು ತೊಂದರೆ. ಶಸ್ತ್ರವೈದ್ಯರನ್ನು ಮೊದಲೇ ಕೇಳಬೇಕಾದ ಮಾತು.