ನೇರ ಮೂಲೆ ಇಲ್ಲದ ಮನೆಗೆ ಮಳೆನೀರಿನ ದೋಣಿ: ಅಳತೆ, ಕೊಯ್ತ, ಜೋಡಣೆ

ಮಲೆನಾಡಿನ ತೋಟದ ಮನೆಗಳು ಒಂದೇ ಸಲಕ್ಕೆ ಕಟ್ಟಿದವಲ್ಲ. ಮೊದಲು ಮನೆ, ಆಮೇಲೆ ಜಾಗ ಸಿಕ್ಕ ಕಡೆ ಕೊಟ್ಟಿಗೆ, ಅದಕ್ಕೆ ತಾಗಿಸಿ ಅಡಿಕೆ ಸುಲಿಯೋ ಚಪ್ಪರ. ಧರೆ ಹೇಗೆ ತಿರುಗಿದೆಯೋ ಸೂರೂ ಹಾಗೇ ತಿರುಗಿರುತ್ತೆ. ಅಂಗಡೀಲಿ ಸಿಗೋ ರೆಡಿ ಮೂಲೆ ಹೆಚ್ಚಾಗಿ 90 ಡಿಗ್ರಿಯದ್ದು. ನಮ್ಮ ಕೊಟ್ಟಿಗೆ ಮನೆಗೆ ಸೇರುವ ಕಡೆ ಹೊರಮೂಲೆ 135 ಡಿಗ್ರಿ ಇದೆ. ಅಲ್ಲಿಗೆ ಸೀಳಿದ 6 ಇಂಚಿನ ಪಿವಿಸಿ ಪೈಪಿನಲ್ಲಿ ದೋಣಿ ಕಟ್ಟಿದ ಕ್ರಮವನ್ನೇ ಇಲ್ಲಿ ಹೇಳ್ತೀನಿ.

ಮೂಲೇಲಿ ಸೋರಿದರೆ ಏನಾಗುತ್ತೆ ಅಂತ ಮೊದಲು ಲೆಕ್ಕ ನೋಡಿ. 1 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಮಾಡಿಗೆ ಒಂದು ದಿನ 100 ಮಿ.ಮೀ. ಮಳೆ ಬಂದರೆ 10,000 ಲೀಟರ್. ಅದರಲ್ಲಿ ಒಂದು ಪಾಲು ಮೂಲೇಲಿ ಗೋಡೆ ಬುಡಕ್ಕೇ ಬೀಳ್ತಾ ಇದ್ದರೆ ಮಣ್ಣಿನ ಗೋಡೆ ಎಷ್ಟು ಮಳೆಗಾಲ ತಡೆದೀತು? ಪಕ್ಕದಲ್ಲೇ ಗೊಬ್ಬರಗುಂಡಿ ಇದ್ದರೆ ಅದರ ಸಾರವೂ ತೊಳೆದು ಹೋಗುತ್ತೆ.

1. ಕೋನ ಅಳೆಯುವುದು

ಏಣಿ ಮೇಲೆ ನಿಂತು ಕೋನ ಅಳೀಬೇಡಿ. ಸೂರಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಮೂರು ಗುರುತು ಹಾಕಿ: ಮೂಲೇದು ಒಂದು, ಮೂಲೆಯಿಂದ ಎರಡೂ ಬದಿಗೆ 1 ಮೀಟರ್ ದೂರದಲ್ಲಿ ಒಂದೊಂದು.

ಹೊರಮೂಲೆ ಆದರೆ: ಒಂದು ಬದಿಯ ಗೆರೆಯನ್ನು ದಾರ ಹಿಡಿದು ಮೂಲೆ ದಾಟಿಸಿ ನೇರವಾಗಿ ಇನ್ನೂ 1 ಮೀಟರ್ ಮುಂದಕ್ಕೆ ಎಳೆಯಿರಿ. ಆ ತುದಿಗೂ ಇನ್ನೊಂದು ಬದಿಯ 1 ಮೀಟರ್ ಗುರುತಿಗೂ ಇರೋ ಅಂತರ ಅಳೆಯಿರಿ.

ಒಳಮೂಲೆ ಆದರೆ: ಅಂಗಳದ ಕಡೆಯಿಂದ ಎರಡು ಬದಿಯ ಗುರುತುಗಳ ನಡುವಿನ ಅಂತರವನ್ನು ನೇರವಾಗಿ ಅಳೆಯಿರಿ.

ಅಂತರ (ಸೆಂ.ಮೀ.) ನೋಡಿ ಕೊಯ್ಯುವ ಓರೆ:

- ಹೊರಮೂಲೆ 52 / ಒಳಮೂಲೆ 193: 15 ಡಿಗ್ರಿ
- ಹೊರಮೂಲೆ 76.5 / ಒಳಮೂಲೆ 185: 22.5 ಡಿಗ್ರಿ
- ಹೊರಮೂಲೆ 100 / ಒಳಮೂಲೆ 173: 30 ಡಿಗ್ರಿ
- ಎರಡಕ್ಕೂ 141: 45 ಡಿಗ್ರಿ (ಇದು ನೇರ ಮೂಲೆ)

ನಿಮ್ಮ ಅಳತೆ ಇದರ ನಡುವೆ ಬಂದರೆ ಮೊಬೈಲಿನ ಕ್ಯಾಲ್ಕುಲೇಟರನ್ನು ಸೈಂಟಿಫಿಕ್‌ಗೆ, ಡಿಗ್ರಿಗೆ ಹಾಕಿಕೊಳ್ಳಿ. ಅಂತರವನ್ನು 200ರಿಂದ ಭಾಗಿಸಿ. ಹೊರಮೂಲೆಗೆ ಅದರ ಸೈನ್ ಇನ್ವರ್ಸ್, ಒಳಮೂಲೆಗೆ ಕಾಸ್ ಇನ್ವರ್ಸ್ ಒತ್ತಿದರೆ ಓರೆ ಸಿಗುತ್ತೆ. ಈ ಓರೆ ಅಂದರೆ ಪೈಪನ್ನು ಅಡ್ಡಕ್ಕೆ ನೇರವಾಗಿ ಕೊಯ್ಯುವ ಗೆರೆಯಿಂದ ಎಷ್ಟು ವಾರೆ ಅಂತ. ಎರಡೂ ತುಂಡಿಗೆ ಅಷ್ಟಷ್ಟೇ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಮಾಡಿದರೆ ಎರಡು ಬಾಯಿ ಒಂದಕ್ಕೊಂದು ಕೂರೋದಿಲ್ಲ.

2. ಉದ್ದದ ಲೆಕ್ಕ

ಹೊರಮೂಲೇಲಿ ದೋಣಿಯ ಮನೆ ಕಡೆ ಅಂಚಿಗಿಂತ ಅಂಗಳದ ಕಡೆ ಅಂಚು ಉದ್ದ ಇರಬೇಕು. 15 ಸೆಂ.ಮೀ. ಅಗಲದ ದೋಣಿಗೆ 22.5 ಡಿಗ್ರಿ ಓರೆ ಆದರೆ ಸುಮಾರು 6 ಸೆಂ.ಮೀ., 30 ಡಿಗ್ರಿಗೆ ಸುಮಾರು 9, 45 ಡಿಗ್ರಿಗೆ 15 ಸೆಂ.ಮೀ. ಹೆಚ್ಚು. ಹಾಗಾಗಿ ಅಳತೆಯನ್ನು ಮನೆ ಕಡೆ ಅಂಚಿಗೆ ಹಿಡಿದು, ಈ ಹೆಚ್ಚುವರಿ ಸೇರಿಸಿ ಪೈಪು ಕತ್ತರಿಸಿ. ಒಳಮೂಲೇಲಿ ಉಲ್ಟಾ: ಮನೆ ಕಡೆಯದೇ ಉದ್ದ.

3. ಕೊಯ್ಯುವುದು

ಎರಡು ಹಲಗೆ ನಿಲ್ಲಿಸಿ, ಅಡಿಗೆ ಒಂದು ಹೊಡೆದು, ದೋಣಿ ಬಿಗಿಯಾಗಿ ಕೂರೋ ಪೆಟ್ಟಿಗೆ ಮಾಡಿ. ಹಲಗೆಗಳ ಮೇಲಂಚಿನಲ್ಲಿ ಓರೆ ಗುರುತು ಹಾಕಿ, ಗರಗಸದಲ್ಲಿ ನೇರ ಕೆಳಕ್ಕೆ ಸೀಳು ಮಾಡಿ. ಇನ್ನು ದೋಣಿಯನ್ನು ಬಾಯಿ ಮೇಲಾಗಿ ಇಟ್ಟು ಆ ಸೀಳಿನಲ್ಲೇ ಗರಗಸ ಆಡಿಸಿದರೆ ಕೊಯ್ತ ವಾರೆ ಹೋಗಲ್ಲ. ಎಡದ ತುಂಡಿಗೂ ಬಲದ ತುಂಡಿಗೂ ಓರೆ ಎದುರುಬದುರು. ಅದಕ್ಕೆ ಎರಡು ಸೀಳು ಬೇಕು.

ಮೊದಲು ಒಂದೊಂದು ಅಡಿಯ ಚೂರು ಪೈಪು ಕೊಯ್ದು ಮೂಲೇಲಿ ಹಿಡಿದು ನೋಡಿ. ಸರಿ ಕೂತರೆ ಮಾತ್ರ ಉದ್ದದ ಪೈಪಿಗೆ ಕೈ ಹಾಕಿ.

4. ಜೋಡಣೆ

ಬಾಯಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಧೂಳು ಒರೆಸಿ. ಅದೇ ಪೈಪಿನಿಂದ 5 ಸೆಂ.ಮೀ. ಅಗಲದ ಪಟ್ಟಿ ತೆಗೆದು, ಹಾಟ್ ಏರ್ ಗನ್ನಿನಲ್ಲಿ ಮೆತ್ತಗಾಗುವಷ್ಟು ಬಿಸಿ ಮಾಡಿ ಮೂಲೆಯ ಆಕಾರಕ್ಕೆ ಬಗ್ಗಿಸಿ. ಕರಕಲಾಗಲು ಬಿಡಬೇಡಿ, ಆ ಹೊಗೆ ಕೆಟ್ಟದ್ದು. ತಣಿದ ಮೇಲೆ ಸಾಲ್ವೆಂಟ್ ಸಿಮೆಂಟ್ ಹಚ್ಚಿ ಹೊರಗಿನಿಂದ ಅಂಟಿಸಿ. ಈ ಕೆಲಸ ನೆಲದ ಮೇಲೇ ಮುಗಿಸಿ, ಗಟ್ಟಿಯಾದ ಮೇಲೆ ಮೂಲೆ ತುಂಡನ್ನು ಮೇಲಕ್ಕೆ ಏರಿಸಿ.

ಮೂಲೆಯ ಎರಡೂ ಬದಿಗೆ 15 ಸೆಂ.ಮೀ. ಒಳಗೆ ಒಂದೊಂದು ಕ್ಲಾಂಪ್ ಇರಲೇಬೇಕು. ಉಳಿದ ಕಡೆ 2 ಅಡಿಗೊಂದು. ಬಿಸಿಲಿಗೆ ಪಿವಿಸಿ ಹಿಗ್ಗುತ್ತೆ. 6 ಮೀಟರ್ ಪೈಪು 25 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು 1 ಸೆಂ.ಮೀ. ಉದ್ದ ಆಗುತ್ತೆ. ಮೂಲೆಯನ್ನು ಅಂಟಿಸಿ ಬಿಗಿ ಮಾಡಿದ ಮೇಲೆ ಇನ್ನೊಂದು ತುದಿಗೆ ಸರಿದಾಡೋ ಜಾಗ ಬಿಡಿ. ಎರಡೂ ತುದಿ ಬಿಗಿದರೆ ಬಿರುಕು ಬಿಡೋದು ಮೂಲೆಯೇ.

5. ನೀರನ್ನು ಮೂಲೆಯಿಂದ ದೂರ ಕಳಿಸಿ

ಹೊರಮೂಲೆಯನ್ನು ದೋಣಿಯ ಎತ್ತರದ ಜಾಗ ಮಾಡಿ. ಅಲ್ಲಿಂದ ಎರಡೂ ಕಡೆಗೆ 3 ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟರೆ ನೀರು ಮೂಲೆಯನ್ನು ದಾಟಿ ಹರಿಯೋದೇ ಇಲ್ಲ, ಜೋಡಣೆಗೆ ಭಾರ ಕಡಿಮೆ.

ಒಳಮೂಲೆಗೆ ಇದರ ವಿರುದ್ಧ. ಎರಡು ಮಾಡಿನ ನೀರು ಅಲ್ಲೇ ಬಂದು ಧುಮುಕುತ್ತೆ. ಅದನ್ನು ತಗ್ಗಿನ ಜಾಗ ಮಾಡಿ, ಇಳಿಪೈಪನ್ನು ಮೂಲೆಯ ಪಕ್ಕದಲ್ಲೇ ಕೊಡಿ. ನೀರು ದೋಣಿ ಹಾರಿ ಹೋಗದಂತೆ ಹೊರ ಅಂಚಿಗೆ ಒಂದು ಗೇಣು ಎತ್ತರದ ತಗಡು ಅಡ್ಡ ನಿಲ್ಲಿಸಿ.

ಕೊನೆಗೆ ಎತ್ತರದ ತುದೀಲಿ ಎರಡು ಕೊಡ ನೀರು ಹೊಯ್ದು ನೋಡಿ. ಎಲ್ಲೂ ನಿಲ್ಲಬಾರದು, ಪಟ್ಟಿಯ ಅಡೀಲಿ ಒಂದು ಹನಿಯೂ ಜಿನುಗಬಾರದು. ಜಿನುಗಿದರೆ ಪೂರ್ತಿ ಒಣಗಿಸಿಯೇ ಮತ್ತೆ ಸಿಮೆಂಟ್ ಹಚ್ಚಿ. ಮಳೆ ಹಿಡಿದ ಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗಲ್ಲ, ಒದ್ದೆ ಹೆಂಚಿನ ಮೇಲೆ ಕಾಲೂ ನಿಲ್ಲಲ್ಲ. ಮೇ ತಿಂಗಳ ಒಣ ದಿನಗಳಲ್ಲೇ, ಏಣಿ ಹಿಡಿಯಲು ಇನ್ನೊಬ್ಬರನ್ನು ಇಟ್ಟುಕೊಂಡು ಮುಗಿಸಿ.